ಒಬ್ಬ ಸ್ಯಾಪರ್ ಹವಾಲ್ದಾರರ ಆರು ಪದಕಗಳು: ಹಳೆಯ ಚೌಕಟ್ಟಿನ ದುರಸ್ತಿ ದಾಖಲೆ

ಸಿರುಗುಪ್ಪ ತಾಲ್ಲೂಕಿನ ಒಂದು ಮನೆಯಿಂದ ದುರಸ್ತಿಗೆಂದು ಬಂದ ಈ ಗಾಜಿನ ಚೌಕಟ್ಟಿನೊಳಗೆ ಆರು ಪದಕಗಳು, ಸಮವಸ್ತ್ರದ ತೋಳಿನಿಂದ ಬಿಚ್ಚಿದ ಮೂರು ಪಟ್ಟಿಯ ಒಂದು ತುಂಡು ಮತ್ತು ಕಂದು ಬಣ್ಣಕ್ಕೆ ತಿರುಗಿದ ಒಂದು ಚಿಕ್ಕ ಫೋಟೊ ಇದ್ದವು. ಪದಕಗಳು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದ ಹಿರಿಯರೊಬ್ಬರವು. ತಂದವರು ಅವರ ಮೊಮ್ಮಗಳು. ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಈ ಸೀಮೆಯ ಹುಡುಗರು ಮದ್ರಾಸಿನ ಹೆಸರಿರುವ ದಳಗಳಿಗೆ ಭರ್ತಿಯಾದದ್ದು ಸಹಜವೇ ಆಗಿತ್ತು. ಹೊಳೆಯಾಚೆಯ ರಾಯಚೂರು, ಕೊಪ್ಪಳಗಳು ಆಗ ನಿಜಾಮರ ಸೀಮೆಯಾಗಿದ್ದವು.

ಮೊಮ್ಮಗಳ ಬೇಡಿಕೆ ಸ್ಪಷ್ಟವಾಗಿತ್ತು. ಪದಕಗಳನ್ನು ಹೊಸದರಂತೆ ಹೊಳೆಯುವ ಹಾಗೆ ಉಜ್ಜಬೇಕು, ಮಾಸಿದ ರಿಬ್ಬನ್‌ಗಳನ್ನೆಲ್ಲ ತೆಗೆದು ಹೊಸವನ್ನು ಹಾಕಬೇಕು, ಹಿನ್ನೆಲೆಗೆ ಕೆಂಪು ಮಖಮಲ್ ಬಟ್ಟೆ ಬೇಕು. ಜೊತೆಗೆ ಒಂದು ಪ್ರಶ್ನೆಯೂ ಇತ್ತು: “ನಮ್ಮ ತಾತಗೆ ವೀರಚಕ್ರ ಬಂದಿತ್ತು ಅಂತ ಊರಾಗೆ ಎಲ್ರೂ ಹೇಳ್ತಾರೆ ಸರ್, ಇದರಾಗೆ ಅದು ಯಾವುದು?” ಬಿಚ್ಚಿ ನೋಡಿದ ಮೇಲೆ ಹೇಳುತ್ತೇನೆ ಎಂದೆ. ಒಬ್ಬ ಸೈನಿಕನ ಪದಕಗಳ ಸಾಲು ಅಲಂಕಾರವಲ್ಲ, ಅದು ಅವನ ಸೇವೆಯ ದಾಖಲೆ. ಯಾವ ಪದಕ, ಯಾವ ರಿಬ್ಬನ್, ಯಾವುದರ ಪಕ್ಕ ಯಾವುದು, ಅಂಚಿನಲ್ಲಿ ಏನು ಬರೆದಿದೆ ಎಂಬುದನ್ನೆಲ್ಲ ಓದಿ ಬರೆದಿಟ್ಟುಕೊಳ್ಳುವ ಮುಂಚೆ ಅದರ ಮೇಲೆ ಒಂದು ತೊಟ್ಟು ನೀರನ್ನೂ ಹಾಕಬಾರದು ಎಂಬುದು ನನ್ನ ಪಟ್ಟು. ಆಕೆಯ ಮೂರು ಬೇಡಿಕೆಗಳಲ್ಲಿ ಎರಡನ್ನು ನಾನು ಒಪ್ಪಲಿಲ್ಲ, ರಿಬ್ಬನ್ನಿನದನ್ನು ಅರ್ಧ ಮಾತ್ರ ಒಪ್ಪಿದೆ.

ಹಳೆಯ ಚೌಕಟ್ಟನ್ನು ಕಟ್ಟಿದವರು ಯಾರೋ ಗೊತ್ತಿಲ್ಲ. ಹಿಂಬದಿಗೆ ಮರದ ಹೊಟ್ಟಿನ ಹಲಗೆ, ಅದರ ಮೇಲೆ ಚಿನ್ನದ ಬಣ್ಣದ ಕಾಗದ, ಆ ಕಾಗದದ ಮೇಲೆ ಬಿಸಿ ಅಂಟಿನ ಗನ್ನಿನಿಂದ ಪದಕಗಳನ್ನು ನೇರವಾಗಿ ಅಂಟಿಸಲಾಗಿತ್ತು. ಗಾಜು ಪದಕಗಳಿಗೆ ತಾಗಿಕೊಂಡೇ ಇತ್ತು. ಹಿಂಬದಿಯ ಸಂದುಗಳಿಂದ ಒಳಗೆ ಇಳಿದ ಕೆಂಪು ಧೂಳು ರಿಬ್ಬನ್ನಿನ ಪ್ರತಿ ಮಡಿಕೆಯಲ್ಲೂ ಕೂತಿತ್ತು. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಗಳಲ್ಲಿ ಇದು ಮಾಮೂಲು. ಬಿಸಿ ಅಂಟನ್ನು ಚಾಕುವಿನಿಂದ ಎಬ್ಬಲು ಹೋದರೆ ಲೋಹಕ್ಕೆ ಗೀರು ಬೀಳುವುದು ಖಚಿತ. ಅದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು: ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ ಅಂಟಿನ ಅಂಚಿಗೆ ಸುತ್ತಲೂ ಸವರಿ, ಒಂದೆರಡು ನಿಮಿಷ ಬಿಟ್ಟರೆ, ಅಂಟು ಲೋಹದ ಮೇಲಿನ ಹಿಡಿತವನ್ನು ತಾನಾಗಿಯೇ ಬಿಡುತ್ತದೆ. ರಿಬ್ಬನ್ನಿಗೆ ಮಾತ್ರ ಆಲ್ಕೊಹಾಲ್ ತಾಗದಂತೆ ನಡುವೆ ಪಾಲಿಯೆಸ್ಟರ್ ಹಾಳೆಯ ತುಂಡನ್ನು ತೂರಿಸಿಕೊಂಡೆ, ಏಕೆಂದರೆ ಆ ಕಾಲದ ಕೆಲವು ಬಣ್ಣಗಳು ಆಲ್ಕೊಹಾಲಿಗೆ ಬಿಟ್ಟುಕೊಡುತ್ತವೆ.

ಪದಕಗಳೆಲ್ಲ ಬಿಡಿಯಾದ ಮೇಲೆ ಮೇಜಿನ ಮೇಲೆ ಸಿಕ್ಕ ಕ್ರಮದಲ್ಲೇ ಇಟ್ಟು ಫೋಟೊ ತೆಗೆದೆ. ಎಡದಿಂದ ಬಲಕ್ಕೆ ಎರಡು ಹಳದಿ ಲೋಹದ ನಕ್ಷತ್ರಗಳು, ಆಮೇಲೆ ನಾಲ್ಕು ದುಂಡು ಪದಕಗಳು ಹಿಂದುಮುಂದಾಗಿ. ದೊಡ್ಡವು ಒಂದು ಕಡೆ, ಚಂದ ಕಂಡವು ಇನ್ನೊಂದು ಕಡೆ ಎಂಬುದಲ್ಲದೆ ಈ ಕ್ರಮಕ್ಕೆ ಬೇರೆ ಯಾವ ಆಧಾರವೂ ಇರಲಿಲ್ಲ. ಆದರೆ ಮೊಮ್ಮಗಳು ಚೌಕಟ್ಟಿನ ಜೊತೆಗೆ ಒಂದು ತಗಡಿನ ಡಬ್ಬಿಯನ್ನೂ ತಂದಿದ್ದರು, ಅದರೊಳಗೆ ಹಿತ್ತಾಳೆಯ ಪಿನ್ನು ಇರುವ ಒಂದು ರಿಬ್ಬನ್ ಪಟ್ಟಿ ಇತ್ತು. ಪದಕಗಳನ್ನು ಪೂರ್ತಿಯಾಗಿ ಧರಿಸುವುದು ಪರೇಡಿನಂಥ ಸಂದರ್ಭಗಳಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಪ್ರತಿಯೊಂದರ ರಿಬ್ಬನ್ನಿನ ಚಿಕ್ಕ ತುಂಡನ್ನು ಅದೇ ಕ್ರಮದಲ್ಲಿ ಹೊಲಿದ ಪಟ್ಟಿಯನ್ನು ಎಡ ಜೇಬಿನ ಮೇಲೆ ಚುಚ್ಚಿಕೊಳ್ಳುತ್ತಾರೆ. ಆ ಪಟ್ಟಿಯನ್ನು ಸೈನಿಕನೇ ಧರಿಸಿದ್ದು, ಚೌಕಟ್ಟಿನ ಕ್ರಮವನ್ನು ಚೌಕಟ್ಟಿನವನು ಮಾಡಿದ್ದು. ಎರಡೂ ಒಂದಕ್ಕೊಂದು ವಿರುದ್ಧವಾಗಿ ಹೇಳುತ್ತಿರುವಾಗ ಯಾರ ಮಾತನ್ನು ನಂಬಬೇಕು ಎಂಬುದರಲ್ಲಿ ಅನುಮಾನವೇನೂ ಇರಲಿಲ್ಲ.

ಪಟ್ಟಿಯ ಕ್ರಮ ಹೀಗಿತ್ತು. ಎದೆಯ ನಡುವಿಗೆ ಹತ್ತಿರ, ಅಂದರೆ ನೋಡುವವರ ಎಡಕ್ಕೆ, ಮೊದಲು ಜನರಲ್ ಸರ್ವಿಸ್ ಮೆಡಲ್ 1947: ಕೆಂಪು ನೆಲದ ಮೇಲೆ ಐದು ತೆಳು ಹಸಿರು ಗೆರೆಗಳು. ಪದಕದ ಮೇಲೆ ಖಡ್ಗ, ಹಿಂಬದಿಗೆ ತಾವರೆ, ರಿಬ್ಬನ್ನಿಗೆ ‘ಜಮ್ಮು ಮತ್ತು ಕಾಶ್ಮೀರ’ ಎಂದು ಇಂಗ್ಲಿಷಿನಲ್ಲಿ ಬರೆದ ಕ್ಲಾಸ್ಪ್. ಕ್ಲಾಸ್ಪ್ ಎಂದರೆ ರಿಬ್ಬನ್ನಿಗೆ ಅಡ್ಡಲಾಗಿ ಕೂರುವ ಲೋಹದ ಪಟ್ಟಿ. ಪದಕ ಒಂದೇ ಆದರೂ ಯಾವ ಕಾರ್ಯಾಚರಣೆಗಾಗಿ ಬಂತು ಎಂಬುದನ್ನು ಹೇಳುವುದು ಇದೇ. ಎರಡನೆಯದು ಭಾರತ ಸ್ವಾತಂತ್ರ್ಯ ಪದಕ, ಕೇಸರಿ, ಬಿಳಿ, ಹಸಿರು ಮೂರು ಸಮನಾದ ಉದ್ದ ಪಟ್ಟೆಗಳದ್ದು. ಇದರ ಒಂದು ಮುಖದಲ್ಲಿ ಅಶೋಕ ಚಕ್ರದ ಮೇಲೆ ಬ್ರಿಟಿಷ್ ಕಿರೀಟ ಕೂತಿದೆ, ಸುತ್ತಲೂ ಆರನೆಯ ಜಾರ್ಜ್ ದೊರೆಯ ಬಿರುದುಗಳಿವೆ. ಇನ್ನೊಂದು ಮುಖದಲ್ಲಿ ಸಿಂಹಗಳ ಸ್ತಂಭಶಿರ ಮತ್ತು 1947ರ ಆಗಸ್ಟ್ 15ರ ದಿನಾಂಕ. ಚಕ್ರದ ನೆತ್ತಿಯ ಮೇಲೆ ಕಿರೀಟವನ್ನು ಕಂಡು ಮೊಮ್ಮಗಳು ಇದು ನಕಲಿಯೇ ಎಂದು ಕೇಳಿದರು. ನಕಲಿಯಲ್ಲ. 1950ರ ಜನವರಿ 26ರವರೆಗೆ ಭಾರತ ಡೊಮಿನಿಯನ್, ಅಂದರೆ ಸ್ವತಂತ್ರವಾದರೂ ಬ್ರಿಟಿಷ್ ದೊರೆಯನ್ನೇ ದೊರೆಯೆಂದು ಒಪ್ಪಿದ ದೇಶ, ಆಗಿತ್ತು, ಪದಕಗಳು ಹೊರಡುತ್ತಿದ್ದುದು ದೊರೆಯ ಹೆಸರಿನಲ್ಲಿಯೇ. ಆ ಎರಡೂವರೆ ವರ್ಷಗಳ ಇಕ್ಕಟ್ಟನ್ನು ಇಷ್ಟು ಚಿಕ್ಕ ಜಾಗದಲ್ಲಿ ತೋರಿಸುವ ವಸ್ತು ನಾನು ಬೇರೆ ಕಂಡಿಲ್ಲ.

ಆಮೇಲೆ ಎರಡನೆಯ ಮಹಾಯುದ್ಧದ ನಾಲ್ಕು. 1939–45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್. ಮೊದಲನೆಯದರ ರಿಬ್ಬನ್ನಿನಲ್ಲಿ ಗಾಢನೀಲಿ, ಕೆಂಪು, ತಿಳಿನೀಲಿ ಮೂರು ಸಮ ಪಟ್ಟೆಗಳಿವೆ, ಕ್ರಮವಾಗಿ ನೌಕಾಪಡೆ, ಭೂಸೇನೆ, ವಾಯುಪಡೆಗಳಿಗೆ. ಇದನ್ನು ಧರಿಸುವಾಗ ಗಾಢನೀಲಿ ಎಡಭುಜದಿಂದ ದೂರಕ್ಕೆ, ಎದೆಯ ನಡುವಿನ ಕಡೆಗೆ ಬರಬೇಕು. ತಿರುವುಮುರುವಾಗಿ ಹೊಲಿದರೆ ತಿಳಿದವರ ಕಣ್ಣಿಗೆ ಮೊದಲು ಬೀಳುವ ತಪ್ಪು ಅದೇ. ಬರ್ಮಾ ಸ್ಟಾರಿನ ರಿಬ್ಬನ್ ಎರಡು ಅಂಚಿಗೆ ಗಾಢನೀಲಿ, ನಡುವೆ ಅಗಲವಾದ ಕೆಂಪು, ಪ್ರತಿ ನೀಲಿಯ ಮಧ್ಯದಲ್ಲಿ ಸೂರ್ಯನ ಸಂಕೇತವಾಗಿ ಒಂದು ಕಿತ್ತಳೆ ಗೆರೆ. ವಾರ್ ಮೆಡಲಿನ ರಿಬ್ಬನ್ ಬ್ರಿಟಿಷ್ ಬಾವುಟದ ಕೆಂಪು, ಬಿಳಿ, ನೀಲಿಯದು. ಪದಕದ ಹಿಂಬದಿಯಲ್ಲಿ ಎರಡು ತಲೆಯ ಡ್ರ್ಯಾಗನ್ನಿನ ಮೇಲೆ ನಿಂತ ಸಿಂಹವಿದೆ. ಇಂಡಿಯಾ ಸರ್ವಿಸ್ ಮೆಡಲಿನ ತಿಳಿನೀಲಿ, ಗಾಢನೀಲಿಗಳು ಆ ಕಾಲದ ಎರಡು ಬಿರುದುಗಳಾದ ಸ್ಟಾರ್ ಆಫ್ ಇಂಡಿಯಾ, ಇಂಡಿಯನ್ ಎಂಪೈರ್‌ಗಳಿಂದ ಬಂದವು.

ಈ ನಾಲ್ಕನ್ನು ಜೊತೆಯಾಗಿ ಓದಿದರೆ ಸೇವೆಯ ಲೆಕ್ಕ ಹೊರಬೀಳುತ್ತದೆ. ವಾರ್ ಮೆಡಲಿಗೆ 28 ದಿನಗಳ ಸೇವೆ ಸಾಕಾಗಿತ್ತು, ಹಾಗಾಗಿ ಅದು ಹೆಚ್ಚೇನೂ ಹೇಳುವುದಿಲ್ಲ. 1939–45 ಸ್ಟಾರಿಗೆ ಸಾಮಾನ್ಯವಾಗಿ ಯುದ್ಧಕ್ಷೇತ್ರದಲ್ಲಿ ಆರು ತಿಂಗಳು ಬೇಕಿತ್ತು. ಇಂಡಿಯಾ ಸರ್ವಿಸ್ ಮೆಡಲಿಗೆ ಯುದ್ಧಕ್ಷೇತ್ರವಲ್ಲದ ಕಡೆ, ಭಾರತದೊಳಗೆ, ಮೂರು ವರ್ಷದ ಸೇವೆ ಬೇಕಿತ್ತು. ಎರಡರ ಗಡುವೂ 1945ರ ಸೆಪ್ಟೆಂಬರ್ 2. ಮೂರೂವರೆ ವರ್ಷ ಹಿಂದಕ್ಕೆ ಎಣಿಸಿದರೆ ಈ ಹಿರಿಯರು ತಡವೆಂದರೂ 1942ರ ಮಾರ್ಚ್ ಆರಂಭದೊಳಗೆ ಭರ್ತಿಯಾಗಿರಲೇಬೇಕು ಎಂದಾಗುತ್ತದೆ. ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ, ಮನೆಯಲ್ಲಿದ್ದ ಡಿಸ್ಚಾರ್ಜ್ ಪುಸ್ತಕದ ಮೊದಲ ಪುಟವನ್ನು ಆಮೇಲೆ ಫೋನಿನಲ್ಲಿ ಓದಿಸಿದಾಗ ಅಲ್ಲಿ 1941 ಎಂದಿತ್ತು. ಪದಕಗಳು ಒಬ್ಬರವೇ, ಬೇರೆಯವರದ್ದು ಬೆರೆತಿಲ್ಲ ಎಂಬ ನಂಬಿಕೆ ನನಗೆ ಮೊದಲು ಬಂದದ್ದು ಈ ಲೆಕ್ಕದಿಂದ.

ವೀರಚಕ್ರದ ಪ್ರಶ್ನೆಗೆ ಇಲ್ಲಿ ಉತ್ತರ ಕೊಡಬೇಕಾಯಿತು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರಚಕ್ರ ಮೂರನ್ನೂ 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು; ಆದ್ದರಿಂದ ಕಾಶ್ಮೀರದ ಮೊದಲ ಯುದ್ಧದಲ್ಲಿದ್ದವರಿಗೆ ಅವು ಬರಲು ಅಡ್ಡಿಯಿರಲಿಲ್ಲ. ಆದರೆ ಪರಮವೀರ ಚಕ್ರದ ರಿಬ್ಬನ್ ಬರೀ ನೇರಳೆ, ಮಹಾವೀರ ಚಕ್ರದ್ದು ಅರ್ಧ ಬಿಳಿ ಅರ್ಧ ಕೇಸರಿ, ವೀರಚಕ್ರದ್ದು ಅರ್ಧ ಗಾಢನೀಲಿ ಅರ್ಧ ಕೇಸರಿ. ಅಂಥದ್ದು ಪಟ್ಟಿಯಲ್ಲೂ ಇಲ್ಲ, ಚೌಕಟ್ಟಿನಲ್ಲೂ ಇಲ್ಲ. ಇವು ಆರೂ ಅಭಿಯಾನದ ಮತ್ತು ಸೇವೆಯ ಪದಕಗಳು: ಅಲ್ಲಿ ಇದ್ದೆ, ಇಷ್ಟು ಕಾಲ ಇದ್ದೆ ಎಂದು ಹೇಳುವಂಥವು. ಶೌರ್ಯಪದಕವಿಲ್ಲ ಎಂದೊಡನೆ ಮೊಮ್ಮಗಳ ಮುಖ ಸಪ್ಪಗಾಯಿತು. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ಬರ್ಮಾದ ಕಾಡಿನಲ್ಲಿ ಸೇತುವೆ ಕಟ್ಟಿ, ನೆಲಬಾಂಬು ಕಿತ್ತು, ಮೂರು ವರ್ಷದೊಳಗೆ ಮತ್ತೆ ಕಾಶ್ಮೀರಕ್ಕೆ ಹೋದವರನ್ನು ಚಕ್ರವೊಂದಿಲ್ಲವೆಂದು ಕಡಿಮೆ ಎಣಿಸುವುದು ಸರಿಯಲ್ಲ ಎಂದು ನಾನು ಹೇಳಿದೆನಾದರೂ, ಊರಿನ ಮಾತಿಗೆ ಬುಡವೇ ಇಲ್ಲವೆಂದು ಅಷ್ಟು ಬೇಗ ತೀರ್ಮಾನಿಸಲು ನನಗೂ ಮನಸ್ಸಾಗಲಿಲ್ಲ.

ಮುಂದಿನದು ಅಂಚುಗಳ ಓದು. ಸ್ವತಂತ್ರ ಭಾರತದ ಪದಕಗಳ ಅಂಚಿನ ದಪ್ಪದ ಮೇಲೆ ಪಡೆದವನ ಸೇನಾ ಸಂಖ್ಯೆ, ದರ್ಜೆ, ಹೆಸರು, ದಳ ಇವನ್ನು ಒತ್ತಿರುತ್ತಾರೆ. ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಅಂಚಿಗೆ ಓರೆಯಾಗಿ ಹಿಡಿದು ಪದಕವನ್ನು ನಿಧಾನವಾಗಿ ತಿರುಗಿಸಿದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಬರುತ್ತದೆ. ಸ್ವಾತಂತ್ರ್ಯ ಪದಕದ ಮೇಲೆ ಲ್ಯಾನ್ಸ್ ನಾಯಕ್ ಎಂಬುದರ ಸಂಕ್ಷೇಪ, ಜನರಲ್ ಸರ್ವಿಸ್ ಮೆಡಲಿನ ಮೇಲೆ ನಾಯಕ್ ಎಂಬುದರ ಸಂಕ್ಷೇಪ ಸಿಕ್ಕಿತು. ಯುದ್ಧಕಾಲದ ನಾಲ್ಕರ ಮೇಲೆ ಏನೂ ಇರಲಿಲ್ಲ. ತಾತ ಹವಾಲ್ದಾರರಲ್ಲವೇ, ಹಾಗಾದರೆ ಇವು ಯಾರವು ಎಂದು ಮನೆಯವರಿಗೆ ಹಿಂದೆಯೂ ಅನುಮಾನ ಬಂದಿತ್ತಂತೆ. ಅಂಚಿನಲ್ಲಿರುವುದು ಪದಕಕ್ಕೆ ಅರ್ಹನಾದ ಹೊತ್ತಿನ ದರ್ಜೆ, ನಿವೃತ್ತಿಯ ದರ್ಜೆಯಲ್ಲ. ಎರಡರಲ್ಲೂ ಸೇನಾ ಸಂಖ್ಯೆ ಒಂದೇ ಆಗಿತ್ತು, ಡಿಸ್ಚಾರ್ಜ್ ಪುಸ್ತಕದಲ್ಲೂ ಅದೇ. ಸ್ಯಾಪರ್ ಆಗಿ ಸೇರಿದವರು ಒಂದು ಪಟ್ಟಿಯ ಲ್ಯಾನ್ಸ್ ನಾಯಕ್ ಆಗಿ, ಎರಡು ಪಟ್ಟಿಯ ನಾಯಕ್ ಆಗಿ, ಕೊನೆಗೆ ಮೂರು ಪಟ್ಟಿಯ ಹವಾಲ್ದಾರ್ ಆದ ಏಣಿಯ ಒಂದೊಂದು ಮೆಟ್ಟಿಲೂ ಹೀಗೆ ಒಂದೊಂದು ವಸ್ತುವಿನ ಮೇಲೆ ಉಳಿದಿತ್ತು. ಪದಾತಿದಳದಲ್ಲಿ ಸಿಪಾಯಿ ಎನ್ನುವ ಜಾಗದಲ್ಲಿ ಎಂಜಿನಿಯರ್ ದಳದವರು ಸ್ಯಾಪರ್, ಫಿರಂಗಿ ದಳದವರು ಗನ್ನರ್, ಸಿಗ್ನಲ್ಸ್‌ನವರು ಸಿಗ್ನಲ್‌ಮನ್ ಎನ್ನುತ್ತಾರೆ, ದರ್ಜೆ ಒಂದೇ. ಹವಾಲ್ದಾರರಿಗೆ ಮೇಲಿನದು ಆಗ ಜಮಾದಾರ್, 1965ರಿಂದ ನಾಯಬ್ ಸುಬೇದಾರ್. ಅಲ್ಲಿಂದ ತೋಳಿನ ಪಟ್ಟಿ ಹೋಗಿ ಭುಜಕ್ಕೆ ನಕ್ಷತ್ರ ಬರುತ್ತದೆ.

ಅಂಚನ್ನು ಓದಿದ್ದರಿಂದಲೇ ಉಜ್ಜುವ ಬೇಡಿಕೆಯನ್ನು ನಿರಾಕರಿಸಲು ಸುಲಭವಾಯಿತು. ಪ್ರತಿ ಸಲ ಪಾಲಿಶ್ ಹಾಕಿದಾಗಲೂ ಲೋಹದ ಒಂದು ಪದರ ಹೋಗುತ್ತದೆ, ಮೊದಲು ಸವೆಯುವುದು ಉಬ್ಬಿದ ಭಾಗಗಳು ಮತ್ತು ಅಂಚಿನ ಅಕ್ಷರಗಳು. ಮನೆಯಲ್ಲಿ ಹಿತ್ತಾಳೆ ಪಾತ್ರೆ ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕುವುದು ಇನ್ನೂ ಕೆಟ್ಟದ್ದು. ಆ ಯುದ್ಧದ ನಕ್ಷತ್ರಗಳು ತಾಮ್ರ ಮತ್ತು ಸತುವಿನ ಮಿಶ್ರಲೋಹದವು. ಹುಳಿಯು ಮೇಲ್ಮೈಯಿಂದ ಸತುವನ್ನು ಎಳೆದುಕೊಂಡು ಹೋಗಿ ತಾಮ್ರವನ್ನು ಬಿಟ್ಟರೆ ನಕ್ಷತ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಮತ್ತೆ ಹಳದಿ ಮಾಡಲಾಗದು. ಇವುಗಳ ಮೇಲೆ ಕೂತ ಸಮನಾದ ಕಂದು ಛಾಯೆ ಕೊಳೆಯಲ್ಲ, ಅದು ಲೋಹವನ್ನು ಕಾಯುವ ಹೊದಿಕೆ. ತೆಗೆಯಬೇಕಾದದ್ದು ಧೂಳು, ಕೈಯ ಜಿಡ್ಡು, ಅಂಟಿನ ಉಳಿಕೆ ಮತ್ತು ಹಸಿರು ಕಿಲುಬು ಮಾತ್ರ.

ಆ ಕೆಲಸ ಹೀಗೆ ನಡೆಯಿತು. ರಿಬ್ಬನ್ ಬಿಚ್ಚಿದ ಪದಕಗಳನ್ನು ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಬಣ್ಣವಿಲ್ಲದ ಮೆದು ಸೋಪು ಬೆರೆಸಿ, ಮಕ್ಕಳ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಜಾಲಾಡಿದೆ. ಕೊಳವೆಬಾವಿಯ ಗಡಸು ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಅದರಲ್ಲಿರುವ ಕ್ಲೋರೈಡ್ ಕಿಲುಬಿಗೆ ಮೂಲವಾಗುತ್ತದೆ. ಡಿಸ್ಟಿಲ್ಡ್ ನೀರು ಬ್ಯಾಟರಿ ಅಂಗಡಿಯಲ್ಲೇ ಸಿಗುವಾಗ ಈ ಉಳಿತಾಯಕ್ಕೆ ಅರ್ಥವಿಲ್ಲ. ಬರ್ಮಾ ಸ್ಟಾರಿನ ಬಳೆಯ ಬುಡದಲ್ಲಿ ಕಿಲುಬು ಗಟ್ಟಿಯಾಗಿ ಕೂತಿತ್ತು. ಉರಿದು ಮುಗಿದ ಊದುಬತ್ತಿಯ ಬಿದಿರಿನ ಕಡ್ಡಿಯನ್ನು ಚೂಪು ಮಾಡಿ, ಭೂತಗನ್ನಡಿಯ ಕೆಳಗೆ ಹಸಿರನ್ನು ಪುಡಿಪುಡಿಯಾಗಿ ಎಬ್ಬಿಸಿದೆ. ಬಿದಿರು ಕಿಲುಬಿಗಿಂತ ಗಟ್ಟಿ, ಲೋಹಕ್ಕಿಂತ ಮೆದು, ಹಾಗಾಗಿ ಗೀರು ಬೀಳದು. ಕೊನೆಗೆ ಪದಕಗಳನ್ನು ಚೆನ್ನಾಗಿ ಒಣಗಿಸಿ, ಮೈಕ್ರೊಕ್ರಿಸ್ಟಲೈನ್ ಮೇಣವನ್ನು ಹತ್ತಿ ಬಟ್ಟೆಯಿಂದ ಕಾಣದಷ್ಟು ತೆಳ್ಳಗೆ ಸವರಿದೆ. ಇಲ್ಲಿಂದ ಮುಂದೆ ಕೈಗವಸಿಲ್ಲದೆ ಮುಟ್ಟಲಿಲ್ಲ, ಬೆರಳಿನ ಬೆವರಿನ ಉಪ್ಪು ತಿಂಗಳೊಳಗೆ ಬೆರಳಚ್ಚನ್ನು ಲೋಹಕ್ಕೆ ಕೊರೆದುಬಿಡುತ್ತದೆ.

ರಿಬ್ಬನ್‌ಗಳ ವಿಷಯಕ್ಕೆ ಬಂದಾಗ ಕೆಲಸ ನಿಂತಿತು. ಮೊದಲು ಕಂಡದ್ದು, ಎರಡು ನಕ್ಷತ್ರಗಳ ರಿಬ್ಬನ್ ಅದಲುಬದಲಾಗಿತ್ತು. ನಕ್ಷತ್ರದ ಮೇಲೆಯೇ ಹೆಸರು ಬರೆದಿರುವುದರಿಂದ ಅದನ್ನು ಸರಿಪಡಿಸಲು ಓದು ಬಂದರೆ ಸಾಕು. ಇವೆರಡೂ ಮುಟ್ಟಿದರೆ ನೂಲುನೂಲಾಗಿ ಉದುರುವ ಸ್ಥಿತಿಯಲ್ಲಿದ್ದವು, ಅವುಗಳಿಗೆ ಹೊಸ ರಿಬ್ಬನ್ ಹಾಕಲು ನಾನೂ ಒಪ್ಪಿದೆ. 32 ಮಿಲಿಮೀಟರ್ ಅಗಲದ ಈ ನಮೂನೆಗಳನ್ನು ಇಂದಿಗೂ ನೇಯುತ್ತಾರೆ, ಪದಕ ಸಂಗ್ರಾಹಕರಿಗೆ ಸರಕು ಒದಗಿಸುವವರಲ್ಲಿ ಸಿಗುತ್ತವೆ. ಉಳಿದ ನಾಲ್ಕರ ಮೇಲೆ ತೆಳು ನೆಟ್ ಬಟ್ಟೆ ಹರಡಿ ಮೆದು ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದಾಗ, ವಾರ್ ಮೆಡಲಿನ ರಿಬ್ಬನ್ನಿನ ನಡುವೆ, ಸುತ್ತಲಿನ ಬಣ್ಣಕ್ಕಿಂತ ಗಾಢವಾಗಿ ಉಳಿದ ಒಂದು ಗುರುತು ಕಾಣಿಸಿತು. ಕೆಂಪು ಇಟ್ಟಿಗೆ ಬಣ್ಣಕ್ಕೆ, ನೀಲಿ ಬೂದಿಗೆ ತಿರುಗಿದ್ದ ಬಟ್ಟೆಯ ಮೇಲೆ ಓರೆಯಾಗಿ, ಉದ್ದಕ್ಕೆ, ಅಂಚು ಅಲೆಅಲೆಯಾಗಿ ಒಂದು ಎಲೆಯ ಆಕಾರದಲ್ಲಿ ಮಾತ್ರ ಹಳೆಯ ಕೆಂಪು, ಬಿಳಿ, ನೀಲಿ ಹಾಗೆಯೇ ಇದ್ದವು. ಎಲೆಯ ಒಳಗೆ ಎರಡು ಸೂಜಿಯಷ್ಟು ಸಣ್ಣ ತೂತುಗಳು, ತೂತಿನ ಸುತ್ತ ಕಂಚಿನ ಹಸಿರು ಕಲೆ.

ಬ್ರಿಟಿಷ್ ಪದ್ಧತಿಯಲ್ಲಿ ಯುದ್ಧಭೂಮಿಯ ವರದಿಯಲ್ಲಿ ಹೆಸರಿಸಲ್ಪಟ್ಟವರಿಗೆ, ಅಂದರೆ ‘ಮೆನ್ಷನ್ಡ್ ಇನ್ ಡಿಸ್ಪ್ಯಾಚಸ್’ ಎಂಬ ಮನ್ನಣೆ ಪಡೆದವರಿಗೆ, ಬೇರೆ ಪದಕವಿರಲಿಲ್ಲ. ಓಕ್ ಮರದ ಎಲೆಯ ಆಕಾರದ ಚಿಕ್ಕ ಕಂಚಿನ ಚಿಹ್ನೆಯೊಂದನ್ನು ಕೊಡುತ್ತಿದ್ದರು. ಎರಡನೆಯ ಮಹಾಯುದ್ಧದ ಮಟ್ಟಿಗೆ ಅದು ಕೂರಬೇಕಾದ ಜಾಗ ವಾರ್ ಮೆಡಲಿನ ರಿಬ್ಬನ್ನೇ. ಪದಕದ ಜೊತೆ ಧರಿಸುವಾಗ ಓರೆಯಾಗಿ, ಬರೀ ರಿಬ್ಬನ್ ಪಟ್ಟಿಯ ಮೇಲಾದರೆ ಅಡ್ಡಲಾಗಿ. ಡಬ್ಬಿಯ ಪಟ್ಟಿಯನ್ನು ಮತ್ತೆ ಭೂತಗನ್ನಡಿಯ ಕೆಳಗೆ ಇಟ್ಟೆ. ಐದನೆಯ ರಿಬ್ಬನ್ನಿನ ಮೇಲೆ, ವಾರ್ ಮೆಡಲಿನದರ ಮೇಲೆ, ಅಡ್ಡಸಾಲಿನಲ್ಲಿ ಎರಡು ತೂತುಗಳಿದ್ದವು. ಬೇರೆ ಯಾವುದರ ಮೇಲೂ ಇರಲಿಲ್ಲ. ಸ್ವತಂತ್ರ ಭಾರತವೂ ಈ ಮನ್ನಣೆಯನ್ನು ಮುಂದುವರಿಸಿತು, ಆದರೆ ಅದರ ಚಿಹ್ನೆ ತಾವರೆಯ ಎಲೆ. ಕಾಶ್ಮೀರದ ಕಾರ್ಯಾಚರಣೆಗೆ ಬಂದಿದ್ದರೆ ಅದು ಜನರಲ್ ಸರ್ವಿಸ್ ಮೆಡಲಿನ ಮೇಲೆ ಇರುತ್ತಿತ್ತು. ಹಾಗಾಗಿ ಗುರುತು ಬರ್ಮಾದ ಕಾಲದ್ದೆಂದೇ ತೋರುತ್ತದೆ. ಊರಿನವರ ಬಾಯಲ್ಲಿ ‘ವೀರಚಕ್ರ’ವಾಗಿ ಬೆಳೆದದ್ದು ಬಹುಶಃ ಈ ಎಲೆಯೇ.

ಬಹುಶಃ ಎಂದೇ ಹೇಳುತ್ತೇನೆ. ಎಲೆ ಸಿಕ್ಕಿಲ್ಲ, ಸಿಕ್ಕಿರುವುದು ಎಲೆ ಕೂತಿದ್ದ ಜಾಗ. ಮೊಮ್ಮಗಳಿಗೆ ಫೋನು ಮಾಡಿ ಹೇಳಿದಾಗ ಅವರು ಖುಷಿಯಿಂದ, “ಅಂಥ ಎಲೆ ಒಂದು ತರಿಸಿ ಹಾಕಿಬಿಡ್ರಿ ಸರ್, ದುಡ್ಡು ಎಷ್ಟಾದ್ರೂ ಆಗಲಿ” ಎಂದರು. ನಕಲಿ ಎಲೆ ತರಿಸುವುದು ಕಷ್ಟವಲ್ಲ. ಆದರೆ ಆ ಮನ್ನಣೆಗಳು ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿದ್ದವು, ಸೈನಿಕನ ಸೇವಾ ದಾಖಲೆಯಲ್ಲೂ ನಮೂದಾಗುತ್ತಿದ್ದವು. ಸಂಖ್ಯೆ, ಹೆಸರು ಕೈಯಲ್ಲಿರುವಾಗ ಹುಡುಕಿಸುವ ದಾರಿ ಇದ್ದೇ ಇದೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ, ಅಂದರೆ ಮದ್ರಾಸ್ ಸ್ಯಾಪರ್ಸ್‌ನ, ರೆಕಾರ್ಡ್ಸ್ ವಿಭಾಗಕ್ಕೆ ಬರೆಯಲು ಬೇಕಾದ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಕಾಗದ ಬರುವವರೆಗೆ ಎಲೆ ಹಾಕುವುದಿಲ್ಲ, ಈ ರಿಬ್ಬನ್ನನ್ನು ಬದಲಿಸುವುದೂ ಇಲ್ಲ ಎಂಬ ಮಾತಿಗೆ ಅವರು ಒಪ್ಪಿದರು.

ಹಳೆಯ ರಿಬ್ಬನ್ ಪದಕದ ಭಾರವನ್ನು ಹೊರಲಾರದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಗೆಳೆಯರೊಬ್ಬರಿಗೆ ತೋರಿಸಿದೆ. ಜೀನ್ಸಿನ ಸೂಜಿ ಇದಕ್ಕೆ ಹಾರೆ ಇದ್ದ ಹಾಗೆ ಎಂದು ನಕ್ಕು, ಮಗ್ಗದ ರೇಷ್ಮೆ ಎಳೆಯಷ್ಟು ತೆಳುವಾದ ನೂಲು ಮತ್ತು ಮಣಿ ಪೋಣಿಸುವ ಸೂಜಿಯನ್ನು ಅವರೇ ಹುಡುಕಿಕೊಟ್ಟರು. ರಿಬ್ಬನ್ನಿನ ಮುಂದೆ ಹಿಂದೆ ತೆಳು ನೆಟ್ ಬಟ್ಟೆ ಇಟ್ಟು, ಅಂಚಿನ ಹೊರಗೆ ಮಾತ್ರ ಹೊಲಿಗೆ ಹಾಕಿದೆ, ರಿಬ್ಬನ್ನಿನ ಮೈಗೆ ಒಂದು ಹೊಸ ತೂತೂ ಬೀಳಲಿಲ್ಲ. ಪದಕದ ಭಾರವನ್ನು ಕೆಳಗಿನಿಂದ ಹೊರಲು ತೆಳುವಾದ ಸ್ಟೇನ್‌ಲೆಸ್ ತಂತಿಯ ಎರಡು ಕೊಕ್ಕೆಗಳನ್ನು ಬಗ್ಗಿಸಿ, ಲೋಹಕ್ಕೆ ಲೋಹ ತಾಗದಂತೆ ಎಲೆಕ್ಟ್ರಿಕ್ ಅಂಗಡಿಯ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ, ತೊಡಿಸಿದೆ. ಪಿವಿಸಿ ಸ್ಲೀವ್ ಬೇಡ, ಅದು ಕಾಲಕ್ರಮೇಣ ಹೈಡ್ರೋಜನ್ ಕ್ಲೋರೈಡಿನ ಆವಿ ಬಿಡುತ್ತದೆ. ಪಾಲಿಯೋಲೆಫಿನ್ ಎಂದು ಕೇಳಿ ತರಬೇಕು.

ತೋಳಿನ ಪಟ್ಟಿಯ ದುರಸ್ತಿ ಚಿಕ್ಕದು. ಫೌಜಿನವರು ಫೀತಿ ಎನ್ನುವ ಈ ಮೂರು ಬಿಳಿ ಪಟ್ಟಿಗಳ ಹಿಂದಿನ ಖಾಕಿಯನ್ನು ನುಸಿ ಅಲ್ಲಲ್ಲಿ ತಿಂದಿತ್ತು, ಅದೇ ಬಣ್ಣದ ಬಟ್ಟೆಯನ್ನು ಹಿಂಬದಿಗೆ ಕೊಟ್ಟು ಹಿಡಿದೆ. ಹಳೆಯ ಚೌಕಟ್ಟಿನಲ್ಲಿ ಅದರ ಮೂತಿ ಮೇಲಕ್ಕಿತ್ತು, ಅಮೆರಿಕದ ಸೇನೆಯವರು ಧರಿಸುವ ಹಾಗೆ. ನಮ್ಮಲ್ಲಿ ಮೂತಿ ಕೆಳಕ್ಕೆ.

ಪೆಟ್ಟಿಗೆಯ ಸಾಮಗ್ರಿಯ ಬಗ್ಗೆ ಮೊಮ್ಮಗಳ ಜೊತೆ ಸ್ವಲ್ಪ ಜಗ್ಗಾಟವೇ ನಡೆಯಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಬಟ್ಟೆಯ ಬಣ್ಣ, ಅಂಟು, ಮರ ಇವು ಬಿಡುವ ಆವಿಗೆ ಹೊರಹೋಗಲು ದಾರಿಯಿರುವುದಿಲ್ಲ, ಅದು ಲೋಹದ ಮೇಲೆಯೇ ಕೂರುತ್ತದೆ. ಇದನ್ನು ಪರೀಕ್ಷಿಸಲು ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಡ್ರ್ಯೂ ಓಡಿ ಅವರು 1973ರಲ್ಲಿ ರೂಪಿಸಿದ ವಿಧಾನವೊಂದಿದೆ: ಬಟ್ಟೆಯ ತುಂಡು, ಸ್ವಲ್ಪ ನೀರು ಮತ್ತು ಬೆಳ್ಳಿ, ತಾಮ್ರ, ಸೀಸದ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಮುಚ್ಚಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಟ್ಟು, ಲೋಹ ಕೆಟ್ಟಿತೇ ಎಂದು ನೋಡುವುದು. ನನ್ನ ಬಳಿ ಆ ಒಲೆ ಇಲ್ಲ, ಆದರೆ ಬಳ್ಳಾರಿಯ ಏಪ್ರಿಲ್ ತಿಂಗಳ ಮಾಳಿಗೆ ಇದೆ. ಸರಾಫ ಅಂಗಡಿಯಿಂದ ತಂದ ಬೆಳ್ಳಿಯ ಚೂರು ಮತ್ತು ಉಜ್ಜಿದ ತಾಮ್ರದ ತಗಡನ್ನು ಎರಡು ಉಪ್ಪಿನಕಾಯಿ ಶೀಶೆಗಳಲ್ಲಿಟ್ಟು, ಒಂದಕ್ಕೆ ಅಂಗಡಿಯ ಕೆಂಪು ಮಖಮಲ್, ಇನ್ನೊಂದಕ್ಕೆ ಬಣ್ಣ ಹಾಕದ, ಗಂಜಿ ಹೋಗುವಂತೆ ಒಗೆದ ಖಾದಿಯನ್ನು ಹಾಕಿ, ಕಪ್ಪು ಬಟ್ಟೆ ಹೊದಿಸಿ ಬಿಸಿಲಿಗಿಟ್ಟೆ. ಒರಟು ಪರೀಕ್ಷೆ ನಿಜ. ಮಖಮಲ್ಲಿನ ಶೀಶೆಯ ತಾಮ್ರ ಕಪ್ಪಾಯಿತು, ನೀರಿಗೂ ಕೆಂಪು ಇಳಿದಿತ್ತು. ಖಾದಿಯ ಶೀಶೆಯ ತಾಮ್ರ ಹೆಚ್ಚುಕಡಿಮೆ ಹಾಗೆಯೇ ಇತ್ತು. ಎರಡೂ ಶೀಶೆಗಳನ್ನು ಪಕ್ಕಪಕ್ಕದಲ್ಲಿ ತೋರಿಸಿದ ಮೇಲೆ ಮಖಮಲ್ಲಿನ ಮಾತು ಮತ್ತೆ ಬರಲಿಲ್ಲ.

ಹಿಂಬದಿಗೆ ಮರದ ಹೊಟ್ಟಿನ ಹಲಗೆಯ ಬದಲು ಬೋರ್ಡ್ ಬರೆಯುವವರ ಬಳಿ ಸಿಗುವ ಅಲ್ಯೂಮಿನಿಯಂ ಕಾಂಪೊಸಿಟ್ ಹಾಳೆಯನ್ನು ಕತ್ತರಿಸಿ, ಖಾದಿಯನ್ನು ಬಿಗಿಯಾಗಿ ಎಳೆದು ಹಿಂಬದಿಯಲ್ಲಿ ದಾರದಿಂದ ಕಟ್ಟಿದೆ, ಅಂಟು ಬಳಸಲಿಲ್ಲ. ಚೌಕಟ್ಟು ಸಾಗವಾನಿಯದು, ಒಳಗಿನ ಆಳ 45 ಮಿಲಿಮೀಟರ್. ಸಾಗವಾನಿಯೂ ಅಲ್ಪಸ್ವಲ್ಪ ಆಮ್ಲದ ಆವಿ ಬಿಡುವುದರಿಂದ ಒಳಮೈಗೆಲ್ಲ ಅಲ್ಯೂಮಿನಿಯಂ ಟೇಪ್ ಹೊದಿಸಿದೆ. ಮುಂದಕ್ಕೆ ಗಾಜಿನ ಬದಲು ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್. ಪದಕಗಳ ವ್ಯಾಸ 36 ಮಿಲಿಮೀಟರ್, ನಕ್ಷತ್ರಗಳದ್ದು ಇನ್ನೂ ಕೊಂಚ ಅಗಲ, ರಿಬ್ಬನ್ ಮಾತ್ರ 32. ಎದೆಯ ಮೇಲೆ ಧರಿಸುವಾಗ ರಿಬ್ಬನ್‌ಗಳು ಅಂಚಿಗೆ ಅಂಚು ಕೂಡಿ, ಪದಕಗಳು ಒಂದರ ಮೇಲೊಂದು ಏರುತ್ತವೆ. ಇಲ್ಲಿ ಯಾರೂ ಧರಿಸುವುದಿಲ್ಲವಾದ್ದರಿಂದ ನಡುವಿನಿಂದ ನಡುವಿಗೆ 42 ಮಿಲಿಮೀಟರ್ ಬಿಟ್ಟು, ಒಂದಕ್ಕೊಂದು ಬಡಿಯದಂತೆ ಕೂರಿಸಿದೆ. ಅಂತರವನ್ನು ಬದಲಿಸಬಹುದು, ಕ್ರಮವನ್ನು ಬದಲಿಸಬಾರದು ಎಂಬುದು ನನ್ನ ಅಭಿಪ್ರಾಯ. ಇನ್ನೊಬ್ಬರು ಪರೇಡಿನ ಹಾಗೆಯೇ ಇರಲಿ ಎಂದರೆ ಅದೂ ತಪ್ಪಲ್ಲ.

ಸಾಲಿನ ಕೆಳಗೆ ರಿಬ್ಬನ್ ಪಟ್ಟಿ, ಅದರ ಪಕ್ಕಕ್ಕೆ ಮೂತಿ ಕೆಳಗಾದ ಫೀತಿ. ಫೋಟೊವನ್ನು ನಕಲು ಮಾಡಿಸಿ ನಕಲನ್ನು ಚೌಕಟ್ಟಿಗೆ, ಮೂಲವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಮನೆಯವರಿಗೆ ಕೊಟ್ಟೆ. ತೆಗೆದ ಎರಡು ರಿಬ್ಬನ್‌ಗಳ ಚೂರುಗಳನ್ನೂ ಎಸೆಯದೆ ಲಕೋಟೆಯೊಂದರಲ್ಲಿ ಹಾಕಿ ಹಿಂಬದಿಗೆ ಸೇರಿಸಿದೆ. ಹಿಂಬದಿಯ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಪದಕಗಳ ಕ್ರಮ, ಯಾವ ರಿಬ್ಬನ್ ಮೂಲದ್ದು, ಯಾವುದು ಹೊಸದು, ಅಂಚುಗಳಲ್ಲಿ ಓದಿದ್ದೇನು, ವಾರ್ ಮೆಡಲಿನ ರಿಬ್ಬನ್ನಿನ ಮೇಲೆ ಕಂಡ ಗುರುತಿನ ಅಳತೆಯೇನು ಎಂಬುದನ್ನೆಲ್ಲ ಬರೆದಿದ್ದೇನೆ.

ಚೌಕಟ್ಟನ್ನು ಪಡುವಣ ಗೋಡೆಗೆ ತೂಗಬಾರದು, ಇಲ್ಲಿನ ಬೇಸಿಗೆಯಲ್ಲಿ ಆ ಗೋಡೆ ರಾತ್ರಿಯವರೆಗೂ ಕಾದಿರುತ್ತದೆ. ಅಡುಗೆಮನೆಯ ಮತ್ತು ದೇವರಮನೆಯ ಹೊಗೆಯೂ ಬೇಡ. ನಡುಮನೆಯ ಒಳಗೋಡೆ ಆದೀತು. ಒಳಗಿಟ್ಟ ಸಿಲಿಕಾ ಜೆಲ್ ಪೊಟ್ಟಣವನ್ನು ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬದಲಿಸಬೇಕಾದ್ದರಿಂದ ಹಿಂಬದಿಯನ್ನು ಮೊಳೆ ಹೊಡೆದು ಮುಚ್ಚದೆ ಆರು ಹಿತ್ತಾಳೆ ತಿರುಪುಗಳಿಂದ ಬಿಗಿದಿದ್ದೇನೆ, ಸಂದಿಗೆ ಧೂಳು ಇಳಿಯದಂತೆ ಸುತ್ತಲೂ ಟೇಪ್ ಹಾಕಿದ್ದೇನೆ. ರೆಕಾರ್ಡ್ಸ್‌ನಿಂದ ಉತ್ತರ ಬಂದು ಎಲೆಯ ಮಾತು ಖಚಿತವಾದರೆ, ಅದೇ ತಿರುಪುಗಳನ್ನು ಬಿಚ್ಚಿ, ನೆಟ್ ಬಟ್ಟೆಯ ಮೇಲಿನಿಂದ ಆ ಎರಡು ಹಳೆಯ ತೂತುಗಳಲ್ಲೇ ಎಲೆಯ ಕಾಲುಗಳನ್ನು ಇಳಿಸಬಹುದು.